ಅಕ್ರಂ ಪಾಷಾಗೆ ಹಸಿರು ಬಂದ ದಿನ

ಮಂಗಳಮ್ಮ ಅಕ್ರಂ ಪಾಷಾನನ್ನು ಮೊದಲು ಕಂಡ ದಿನ ಅವನು ಅವಳ ಸೊಪ್ಪಿನ ಮೂಟೆ ದಾಟಿ ತನ್ನ ಅಂಗಡಿಯ ಬಾಗಿಲು ಎತ್ತಬೇಕಾಗಿತ್ತು. ಮಂಡ್ಯದ ಮಾರುಕಟ್ಟೆಯಲ್ಲಿ ನೆಲಕ್ಕೆ ಕಲ್ಲು ಹಾಸುವ ಕೆಲಸ ನಡೆದಿತ್ತು. ಸೊಪ್ಪಿನವರನ್ನೆಲ್ಲ ಹೊರಗೆ ಎಬ್ಬಿಸಿದ್ದರು. ಬಸರಾಳಿನಿಂದ ಮೊದಲ ಬಸ್ಸಿಗೆ ಬಂದಿದ್ದ ಅವಳು ಬೀದಿ ಬೀದಿ ಸುತ್ತಿ, ಕೂತ ಕಡೆಯೆಲ್ಲ ಎಬ್ಬಿಸಿಕೊಂಡು, ಕೊನೆಗೆ ತಗಡಿನ ಇಳಿಮಾಡು ಕಂಡ ಕಡೆ ಗೋಣಿ ಹಾಸಿದ್ದಳು. ಅದು ಪಂಪ್‌ಸೆಟ್ ಮೋಟಾರು ಕಟ್ಟುವ ಅಂಗಡಿ ಎಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಮೇಲಿನ ಬರಹವನ್ನು ಅಕ್ಷರ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಂಗಡಿಯವನೇ ಬಂದ.

ನೆರೆತ ಗಡ್ಡ, ಬನಿಯನ್ನು, ಅದರ ಮೇಲೆ ಗುಂಡಿ ಹಾಕದ ಅಂಗಿ. ಬೆರಳ ತುದಿಗಳು ವಾರ್ನಿಷು ಹಿಡಿದು ಕಂದಾಗಿದ್ದವು. ಬೀಗದ ಕೈ ಹಿಡಿದುಕೊಂಡು ಅವಳನ್ನೂ ಮೂಟೆಯನ್ನೂ ನೋಡಿದ.

“ಏನಮ್ಮ, ಮೋಟ್ರು ಕಟ್ಸಕ್ಕೆ ತಂದ್ಯಾ?”

“ಸೊಪ್ಪು ಕಣಪ್ಪ.”

“ಅದು ಕಾಣ್ತದೆ. ದಂಟು ಸುಟ್ಟೋಗಿದ್ರೆ ನಂಗೆ ಕಟ್ಟಕ್ಕೆ ಬರಕಿಲ್ಲ. ಈಗ್ಲೇ ಯೋಳ್ಬುಡ್ತೀನಿ.”

ಅವಳಿಗೆ ನಗು ಬರಲಿಲ್ಲ. ಎದ್ದು ಗೋಣಿ ಮಡಿಸತೊಡಗಿದಳು.

“ಎದ್ದೋಗು ಅಂತ ಯಾರಂದ್ರು?” ಎಂದ ಅವನು. “ಬಾಗ್ಲಿಗೆ ಜಾಗ ಬುಟ್ಟು ಆ ಕಡೆ ಕುಂತ್ಕೋ. ನೀರು ಬೇಕಾದ್ರೆ ಆ ಡ್ರಮ್ಮಲ್ಲೈತೆ. ನಾನು ಮೋಟ್ರು ಇಳ್ಸಕ್ಕೆ ಮುಂಚೆ ತಗಂಬುಡು. ಆಮೇಲೆ ಎಣ್ಣೆ ತೇಲ್ತದೆ. ಸಾರು ತಿಂದೋರು ನನ್ನ ಬೈಬಾರ್ದು.”

ಮಾರುಕಟ್ಟೆಯ ಕೆಲಸ ಮುಗಿದ ಮೇಲೂ ಅವಳು ಒಳಗೆ ಹೋಗಲಿಲ್ಲ. ಅಲ್ಲೇ ಉಳಿದಳು. ಬೆಳಿಗ್ಗೆ ಅವನು ಬರುವ ಮುಂಚೆ ಬಂದು, ಬಾಗಿಲ ಮುಂದೆ ಗುಡಿಸಿ, ಡ್ರಮ್ಮಿನ ನೀರು ತೆಗೆದು ಸೊಪ್ಪಿಗೆ ಚಿಮುಕಿಸಿ ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಒಂದೇ ಕಡೆ ಕೂತು ಒಂದೇ ಕೆಲಸ ನೋಡುವ ಅಭ್ಯಾಸವಾಗಿತ್ತು. ಅವನ ಕೆಲಸವೂ ನೋಡುವಂಥದ್ದೇ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಒಂದೊಂದೇ ಸಂದಿಗೆ ಕೂರಿಸುತ್ತಿದ್ದ. ಹೊರಗೆ ಬಂದ ತಂತಿಯ ತುದಿಗಳಿಗೆ ಬಣ್ಣದ ಕೊಳವೆ ತೊಡಿಸುತ್ತಿದ್ದ. ಭತ್ತದ ಹುಲ್ಲಿನಷ್ಟು ದಪ್ಪದ ಆ ಕೊಳವೆಗೆ ಅವನು ಸ್ಲೀವು ಅನ್ನುತ್ತಿದ್ದ. ಯಾವ ತುದಿ ಎಲ್ಲಿಗೆ ಸೇರಬೇಕು ಎಂಬುದು ಆ ಬಣ್ಣದಿಂದ ಗೊತ್ತಾಗಬೇಕು. ತಪ್ಪಿದರೆ ಮೋಟಾರು ಮತ್ತೆ ಸುಟ್ಟಿತು ಅಂತಲೇ ಲೆಕ್ಕ.

ಅವನ ಹಳೆಯ ಸ್ನೇಹಿತ ಕೆಂಪಸಿದ್ದಯ್ಯ. ನಾಲೆಯ ಮೇಲೆ ತೂಬು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತನಾದವನು. ಊಟ ಮುಗಿಸಿ ದಿನಾ ಮಧ್ಯಾಹ್ನ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಬರುವಾಗಲೇ ಬಯ್ದುಕೊಂಡು ಬರುತ್ತಿದ್ದ. ಅವರಿಬ್ಬರ ಬಯ್ಗುಳ ಕೇಳಿದವರು ಇವತ್ತು ಹೊಡೆದಾಟ ಆಗುತ್ತದೆ ಅಂದುಕೊಳ್ಳಬೇಕು. ಮಂಗಳಮ್ಮನೂ ಮೊದಲ ವಾರ ಹಾಗೇ ಅಂದುಕೊಂಡು ಸೊಪ್ಪು ಈಚೆಗೆ ಎಳೆದುಕೊಂಡಿದ್ದಳು. ಆಮೇಲೆ ಗೊತ್ತಾಯಿತು, ಅದೆಲ್ಲ ಕ್ರಿಕೆಟ್ಟಿನದು.

ಎಲ್ಲ ಕಾಲಕ್ಕೂ ದೊಡ್ಡ ಬ್ಯಾಟ್ಸ್‌ಮನ್ನು ಯಾರು? ಇದು ಅವರ ಜಗಳ. ಹುಡುಗರಾಗಿದ್ದಾಗ ಶುರು ಮಾಡಿದ್ದರು, ಮುದುಕರಾದರೂ ಮುಗಿದಿರಲಿಲ್ಲ.

“ಈ ನನ್ ಮಗ ಅವಾಗ ಇಷ್ಟೇ ಇಷ್ಟುದ್ದ ಇದ್ದ ಕಣವ್ವ,” ಎಂದು ಕೆಂಪಸಿದ್ದಯ್ಯ ಒಮ್ಮೆ ಅವಳಿಗೆ ಹೇಳಿದ. “ಓಟ್ಲಲ್ಲಿ ರೇಡಿಯೋ. ಒಂದು ಗಳಿಗೆ ಇಂಗ್ಲಿಷು, ಒಂದು ಗಳಿಗೆ ಹಿಂದಿ. ನಮಗ್ಯಾರ್ಗೂ ಒಂದಕ್ಸರ ತಿಳೀದು. ಇವ್ರ ಮನೇಲಿ ಉರ್ದು ಅಲ್ವಾ, ಇವ್ನಿಗೆ ಹಿಂದಿ ಆಯ್ತಿತ್ತು. ಬೆಂಚಿನ ಮೇಲೆ ನಿಲ್ಸುದ್ರೆ ಅವ್ನು ಯೋಳೋನು, ನಾವು ಕೇಳೋವು. ಒಂದಿನ ವಿಶ್ವನಾಥ್ ಮೇಲಿನ ಆಸೆಗೆ ಒಂದು ಫೋರು ಜಾಸ್ತಿ ಯೋಳ್ಬುಟ್ಟ. ಓಟ್ಲು ಯಜಮಾನ ಲೋಟ ಎಣಿಸ್ದಂಗೆ ರನ್ನು ಎಣಿಸೋನು. ಕೆನ್ನೆಗೆ ಬಿತ್ತು.”

“ಅವತ್ತಿಂದ ರನ್ನಲ್ಲಿ ನಾನು ಸುಳ್ಳೇಳಿಲ್ಲ,” ಎಂದ ಪಾಷಾ, ತಂತಿಯಿಂದ ಕಣ್ಣೆತ್ತದೆ. “ಬೇರೆದ್ರಲ್ಲಿ ಯೋಳಿದೀನಿ. ನಿನ್ ಮದ್ವೇಲಿ ಉಡ್ಗ ಒಳ್ಳೇನು ಅಂತ ಯೋಳಿದ್ದು ನಾನೇ.”

ಆ ಬೀದಿಯಲ್ಲಿ ಅವನ ಮಾತಿಗೆ ಬೆಲೆಯಿತ್ತು. ಮೋಟಾರು ಕಟ್ಟಿಸಲು ಬಂದ ದುದ್ದದವರು, ಕೆರಗೋಡಿನವರು ಚಹಾ ಕುಡಿಯುತ್ತ ಯಾವ ವರ್ಷ ಯಾರು ಎಷ್ಟು ಹೊಡೆದರು ಎಂದು ಕೇಳುತ್ತಿದ್ದರು. ಅವನು ಹೇಳಿದ ಮೇಲೆ ಮೊಬೈಲಿನಲ್ಲಿ ನೋಡುತ್ತಿರಲಿಲ್ಲ. ಅಂಗಡಿಯಲ್ಲಿ ಅವನದೊಂದು ಕಟ್ಟಳೆಯೂ ಇತ್ತು. ಯಾರ ಪರವಾಗಿ ಬೇಕಾದರೂ ಕೂಗಾಡಬಹುದು, ಹೊಡೆದ ರನ್ನನ್ನು ಇಲ್ಲ ಅನ್ನಬಾರದು, ಇಲ್ಲದ ರನ್ನನ್ನು ಹೊಡೆದ ಅನ್ನಬಾರದು. ಅವನಿಗೆ ಇದ್ದ ಮರ್ಯಾದೆಯೆಲ್ಲ ಅದರಿಂದ ಬಂದದ್ದು. ಹೆಂಡತಿ ಬಿಬಿ ಜಾನ್ ಮಾತ್ರ, “ಇವ್ರು ತಿಂದಿರೋ ಅನ್ನ ಎಷ್ಟು ಅಂತ ಕೇಳಿ, ಗೊತ್ತಿರಲ್ಲ, ಗವಾಸ್ಕರ್ ರನ್ನು ಗೊತ್ತು,” ಎಂದು ಊಟದ ಡಬ್ಬಿ ಇಟ್ಟು ಹೋಗುತ್ತಿದ್ದಳು.

ಕರೆಂಟು ಇದ್ದಾಗ ವಾದ ಇಲ್ಲ. ಹೋದ ಕೂಡಲೇ ಪಾಷಾ ಮೇಲಿನ ಹಲಗೆಯಿಂದ ಬಿಸ್ಕತ್ತಿನ ಡಬ್ಬಿ ಇಳಿಸುತ್ತಿದ್ದ. ಒಳಗೆ ಸ್ಲೀವಿನ ತುಂಡುಗಳು. ಹಳದಿ ವಿಶ್ವನಾಥ್, ಕಪ್ಪು ಗವಾಸ್ಕರ್, ಕೆಂಪು ತೆಂಡೂಲ್ಕರ್, ನೀಲಿ ಕೊಹ್ಲಿ, ಬಿಳಿ ಬ್ರಾಡ್ಮನ್. ಅವರವರಿಗೆ ಬೇಕಾದವನ ಪರ ಮಾತಾಡಿದರೆ ದಿನಾ ಅದೇ ಮಾತು ಆಗುತ್ತದೆಂದು ಈ ಉಪಾಯ ಮಾಡಿಕೊಂಡಿದ್ದರು. ಕೈಗೆ ಯಾವ ಬಣ್ಣ ಬಂತೋ ಅವನ ಪರ ಎದೆತುಂಬಿ ಮಾತಾಡಬೇಕು. ಮಧ್ಯದಲ್ಲಿ ನಕ್ಕವನು ಸೋತ. ತಾವೇ ಎತ್ತಿದರೆ ಬೆರಳಲ್ಲಿ ಸವರಿ ಗುರುತು ಹಿಡಿಯುತ್ತಾರೆಂದು ಒಬ್ಬರಿಗೊಬ್ಬರು ಅನುಮಾನ. ಅದಕ್ಕೆ ಎತ್ತುವ ಕೆಲಸ ಮಂಗಳಮ್ಮನಿಗೆ ಬಂತು.

“ಇವ್ಳಿಗೆ ಯಾರೂ ಬೇಕಾಗಿಲ್ಲ ಕಣ್ಲಾ,” ಎಂದ ಕೆಂಪಸಿದ್ದಯ್ಯ. “ಅದ್ಕೇ ಸರಿಯಾದ ಅಂಪೈರು.”

ಅವಳು ಕಣ್ಣು ಮುಚ್ಚಿ ಕೈ ಹಾಕಿ ಇಬ್ಬರಿಗೂ ಒಂದೊಂದು ಕೊಡುತ್ತಿದ್ದಳು. ಆಮೇಲೆ ಸೊಪ್ಪು ಕಟ್ಟುತ್ತ ಕೇಳುತ್ತಿದ್ದಳು. ಆಡಿದ ಮಾತು ಆಡಿದ ಹಾಗೇ ಅವಳ ಕಿವಿಯಲ್ಲಿ ಉಳಿಯುತ್ತಿತ್ತು. ಪಾಷಾಗೆ ಹಳದಿ, ಕೆಂಪಸಿದ್ದಯ್ಯನಿಗೆ ಕಪ್ಪು ಬಂದ ದಿನದ ಮಾತು ಇದು.

“ಮದ್ರಾಸಲ್ಲಿ ರಾಬರ್ಟ್ಸು ಬಾಲಾಕಿ ಎಲ್ರನೂ ಗುಡಿಸಿ ಆಕ್ತಾವ್ನೆ. ವಿಶ್ವನಾಥ್ ಒಬ್ನೇ ನಿಂತವ್ನೆ. ತೊಂಬತ್ತೇಳು, ಔಟಾಗ್ನಿಲ್ಲ. ಅವತ್ತು ನಿನ್ ಗವಾಸ್ಕರ್ ಎಲ್ಲಿದ್ನಲಾ?”

“ಬೆಳ್ಳು ಮುರ್ದಿತ್ತು ಕಣ್ಲಾ.”

“ಮ್ಯಾಚು ಬಂದಾಗ್ಲೇ ಮುರೀತದೆ.”

“ಇನ್ ಮೂರು ರನ್ ಓಡಿ ನೂರು ಮಾಡ್ಕಳಕ್ಕಾಗ್ನಿಲ್ವಾ ನಿಮ್ಮೋನ್ಗೆ?”

“ಆ ಕಡೆ ನಿಲ್ಲಕ್ಕೆ ಒಬ್ಬ ಬ್ಯಾಡ್ವೇನ್ಲಾ? ನಿನ್ನಂಥೋರು ಬಂದ್ರು, ಓದ್ರು.”

ಒಂದು ದಿನ ಇಬ್ಬರೂ ಸುಸ್ತಾಗಿ ತೀರ್ಪು ಕೇಳಿದಾಗ ಅವಳು, “ಓದ್ವರ್ಸದ ಕೊತ್ತಂಬ್ರಿ ಗಮ್ಮನ್ತಿತ್ತಾ, ಈ ವರ್ಸದ್ದಾ ಅಂತ ಕೇಳ್ದಂಗಾಯ್ತು. ಓದ್ವರ್ಸದ್ದು ಎಲ್ಲೈತೆ ಮೂಸಕ್ಕೆ?” ಅಂದಳು. ಪಾಷಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಬಹಳ ಹೊತ್ತು ನಕ್ಕಿದ್ದ.

ಹಸಿರು ಸ್ಲೀವನ್ನು ಡಬ್ಬಿಗೆ ಹಾಕಿದ್ದು ಕೆಂಪಸಿದ್ದಯ್ಯ. ಅದು ಜಾವೇದ್ ಮಿಯಾಂದಾದನದು, ಪಾಕಿಸ್ತಾನದವನು.

“ಎಲ್ಲಾ ನಮಗೆ ಬೇಕಾದೋರೇ ಆದ್ರು,” ಎಂದಿದ್ದ. “ಬ್ಯಾಡ್ದೋನ ಪರ ಮಾತಾಡಿ ಗೆದ್ರೆ ಅವ್ನು ವಾದಗಾರ.”

ಮೊದಲು ಅದು ಬಂದದ್ದೂ ಕೆಂಪಸಿದ್ದಯ್ಯನಿಗೇ. ಆಮೇಲೂ ಒಂದೆರಡು ಸಲ ಬಂತು. ಬೆಂಚು ಹತ್ತಿ, ಮಿಯಾಂದಾದ್ ಇಂಡಿಯಾ ಮೇಲೆ ಹೊಡೆದ ಕೊನೆಯ ಬಾಲಿನ ಸಿಕ್ಸರನ್ನು ಅವನು ಟವಲು ಬೀಸಿ ತೋರಿಸಿದಾಗ ಎದುರಿನ ಬಾಳೆಹಣ್ಣಿನವನು, “ಇವನ್ನ ಬಾರ್ಡರಿಗೆ ಕಳ್ಸಿ ಬನ್ರೋ,” ಎಂದು ಸಿಪ್ಪೆ ಎಸೆದಿದ್ದ. ಎಲ್ಲರೂ ನಕ್ಕಿದ್ದರು. ಅಷ್ಟೇ.

ಪಾಷಾಗೆ ಹಸಿರು ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಕರೆಂಟು ಹೋಗಿತ್ತು. ಕೆಂಪಸಿದ್ದಯ್ಯನ ಮಗಳು ನಾಗಮಣಿಯನ್ನು ದುದ್ದಕ್ಕೆ ಕೊಟ್ಟಿತ್ತು. ಅವಳ ಮಗ ಸಂತೋಷ್ ತಮ್ಮ ಬೋರ್‌ವೆಲ್ಲಿನ ಮೋಟಾರು ಒಯ್ಯಲು ಬಂದಿದ್ದ. ಕಟ್ಟಿ ಮುಗಿದಿತ್ತು, ನೀರಿಗಿಳಿಸಿ ಓಡಿಸಿ ನೋಡುವುದು ಬಾಕಿ. ಮೋಟಾರು ಡ್ರಮ್ಮಿನ ಮೇಲೆ ಸರಪಳಿಯಲ್ಲಿ ನೇತಾಡುತ್ತಿತ್ತು. ಹುಡುಗ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

ಮಂಗಳಮ್ಮ ಡಬ್ಬಿಗೆ ಕೈ ಹಾಕಿ ಕೆಂಪಸಿದ್ದಯ್ಯನಿಗೆ ಕೆಂಪು ಕೊಟ್ಟಳು, ಪಾಷಾಗೆ ಹಸಿರು.

“ಬಂತು ನೋಡ್ಲಾ,” ಎಂದ ಕೆಂಪಸಿದ್ದಯ್ಯ. “ಈಗ ಮಾತಾಡು.”

ಪಾಷಾ ಕೈ ಒರೆಸಿಕೊಂಡು, ಬೆಂಚು ಹತ್ತಿ ನಿಂತ. ಮೊದಲು ಮೆಲ್ಲಗೆ ಶುರು ಮಾಡಿದ. ಮೊದಲ ಟೆಸ್ಟಿನಿಂದ ಕೊನೆಯ ಟೆಸ್ಟಿನವರೆಗೂ ಅವನ ಸರಾಸರಿ ಐವತ್ತಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ, ಇನ್ನೊಬ್ಬನನ್ನು ತೋರಿಸು ಎಂದ. ಆರು ವರ್ಲ್ಡ್ ಕಪ್ ಆಡಿದ ಎಂದ. ತೆಂಡೂಲ್ಕರೂ ಆರು ಆಡಿದ ಎಂದು ಕೆಂಪಸಿದ್ದಯ್ಯ ಅಡ್ಡ ಬಂದ. ಆಗ ಪಾಷಾ ಸ್ವರ ಏರಿಸಿದ. ಸಂತೋಷ್ ತಲೆಯೆತ್ತಿ ಮೊಬೈಲು ಹಿಡಿದದ್ದು ಆವಾಗಲೇ.

“ಶಾರ್ಜಾ. ಕೊನೇ ಬಾಲು. ನಾಕು ಬೇಕು. ಇಡೀ ಇಂಡಿಯಾ ಉಸ್ರು ಇಡ್ಕಂಡು ಕುಂತೈತೆ. ಒಡ್ದ ನೋಡು ಸಿಕ್ಸು. ಒಂದೇ ಏಟಿಗೆ ಎಲ್ರ ಬಾಯ್ಗೂ ಬೀಗ. ಅವತ್ತು ನಮ್ ಬೀದೀಲಿ ಒಬ್ಬ ಉಣ್ನಿಲ್ಲ. ಅಂಥ ಗಂಡು ಇನ್ನೊಬ್ಬ ಉಟ್ಟಿಲ್ಲ, ಉಟ್ಟಾಕಿಲ್ಲ. ಸಲಾಂ ಒಡೀರಿ ಅವ್ನಿಗೆ.”

ಹೇಳಿ ಮುಗಿಸಿ ಕೆಂಪಸಿದ್ದಯ್ಯನ ಕಡೆ ನೋಡಿದ. ಕೆಂಪಸಿದ್ದಯ್ಯ ನಕ್ಕುಬಿಟ್ಟ. ಸೋತದ್ದು ಅವನೇ, ಚಹಾದ ದುಡ್ಡು ಅವನದೇ ಆಯಿತು. ಅಷ್ಟರಲ್ಲಿ ಕರೆಂಟು ಬಂತು. ಸಂತೋಷ್ ಮೋಟಾರನ್ನು ಬೈಕಿಗೆ ಕಟ್ಟಿಕೊಂಡು ಹೋದ. ನಮ್ಮ ತಾತನ ಫ್ರೆಂಡು ಎಂಥ ತಮಾಷೆ ನೋಡಿ ಎಂದು ತನ್ನ ಜೊತೆಯ ಹುಡುಗರಿಗೆ ತಾನು ತೆಗೆದ ವಿಡಿಯೋ ಕಳಿಸಿದ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆ ಹುಡುಗರು ಇನ್ಯಾರಿಗೋ ಕಳಿಸಿದರು. ಕಳಿಸುತ್ತ ಕಳಿಸುತ್ತ ತಾತ ಯಾರು, ಫ್ರೆಂಡು ಯಾರು ಎಂಬುದು ಬಿಟ್ಟುಹೋಯಿತು. ಗಡ್ಡ ಉಳಿಯಿತು, ಮಾತು ಉಳಿಯಿತು. ಅದೇ ವಾರ ಪಾಕಿಸ್ತಾನದ ಜೊತೆ ನಮ್ಮವರ ಮ್ಯಾಚು ಬೇರೆ ಇತ್ತು.

ವಿಡಿಯೋ ನೋಡಿದ ಗುಂಪೊಂದು ಬಂದದ್ದು ಬೆಳಗಿನ ಹೊತ್ತು. ಬೈಕುಗಳ ಮೇಲೆ ಬಂದರು. ಎಲ್ಲ ಚಿಕ್ಕ ವಯಸ್ಸಿನವರೇ. ಕೊರಳಿಗೆ ವಸ್ತ್ರ ಹಾಕಿಕೊಂಡಿದ್ದರು. ಮಂಗಳಮ್ಮ, “ಸೊಪ್ಪು ತುಳೀಬ್ಯಾಡ್ರಪ್ಪ,” ಎಂದಳು. ಅವರು ತುಳಿದುಕೊಂಡೇ ಒಳಗೆ ಹೋದರು. ಮುಂದಿದ್ದವನು ಮೊಬೈಲನ್ನು ಪಾಷಾನ ಮುಖಕ್ಕೆ ಹಿಡಿದು, “ಇದು ನೀನೇನಾ?” ಎಂದ.

ಪಾಷಾ ಕನ್ನಡಕ ಏರಿಸಿ ನೋಡಿದ. ನೋಡಿ ಮುಖ ಅರಳಿಸಿದ.

“ಊ ಕಣಪ್ಪ, ನಾನೇ. ಬನ್ನಿ, ಕುಂತ್ಕಳಿ. ನೀವ್ ಯಾರ ಪರ?”

ವಾದಕ್ಕೆ ಬಂದಿದ್ದಾರೆ ಎಂದುಕೊಂಡಿದ್ದ. ಅಷ್ಟು ವರ್ಷ ಆ ಅಂಗಡಿಗೆ ಹಾಗೆ ಗುಂಪಾಗಿ ಬಂದವರೆಲ್ಲ ಅದಕ್ಕೇ ಬಂದಿದ್ದರು. ಅವನು ಬೆಂಚಿನ ಧೂಳು ಕೂಡ ಒರೆಸಿದ. ಮೊದಲ ಏಟು ಬಿದ್ದಾಗಲೂ ಅವನಿಗೆ ತಿಳಿಯಲಿಲ್ಲ. “ಯಾಕ್ರಪ್ಪ, ಅದು ಬಿದ್ದ ಬಣ್ಣ, ಬಿದ್ದ ಬಣ್ಣ,” ಎನ್ನುತ್ತಿದ್ದ. ಆ ಮಾತು ಅವರಿಗೆ ತಿಳಿಯಲಿಲ್ಲ. ಯಾರೋ ಡ್ರಮ್ಮು ಉರುಳಿಸಿದರು. ಮೇಲೆ ನೇತುಹಾಕಿದ್ದ ಇನ್ಯಾರದೋ ಮೋಟಾರು ಸರಪಳಿ ಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ನೀರು, ಎಣ್ಣೆ, ಸೊಪ್ಪು ಎಲ್ಲ ಒಂದಾಗಿ ರಸ್ತೆಗೆ ಹರಿಯಿತು. ಎದುರಿನ ಬಾಳೆಹಣ್ಣಿನವನು ಗಾಡಿ ತಳ್ಳಿಕೊಂಡು ಹೊರಟುಹೋಗಿದ್ದ. ಪಾಷಾನನ್ನು ಆ ಹುಡುಗರೇ ಬೈಕಿನ ಮಧ್ಯೆ ಕೂರಿಸಿಕೊಂಡು ಠಾಣೆಗೆ ಹೋದರು.

ಮಂಗಳಮ್ಮ ನೇರ ಕೆಂಪಸಿದ್ದಯ್ಯನ ಮನೆಗೆ ನಡೆದಳು. ಸುದ್ದಿ ಅವಳಿಗಿಂತ ಮುಂಚೆ ಹೋಗಿತ್ತು. ಹಿಂದಿನ ಸಂಜೆಯೇ ದುದ್ದದಿಂದ ಬಂದಿದ್ದ ಮಗಳು ನಾಗಮಣಿ ಬಾಗಿಲಲ್ಲಿ ಕೂತಿದ್ದಳು. ಅವನು ಒಳಗೆ ಗೋಡೆಗೆ ಒರಗಿದ್ದ.

“ಎದ್ದು ಬಾ,” ಎಂದಳು ಮಂಗಳಮ್ಮ. “ಆಟ ಅಂತ ಒಂದ್ಮಾತು ಯೋಳು. ಬುಟ್ಬುಡ್ತಾರೆ.”

ಅವನು ಏಳಲಿಲ್ಲ.

“ಆ ವಿಡಿಯೋ ಯಾರು ತೆಗ್ದೋರು ಅಂತಾರೆ ಕಣವ್ವ,” ಎಂದ. “ಉಡ್ಗನ ಎಸ್ರು ಬರ್ಕತಾರೆ.”

“ಪೊಲೀಸ್ ಪರೀಕ್ಸೆ ಪಾಸಾಗವ್ನೆ,” ಎಂದಳು ನಾಗಮಣಿ. “ಆರ್ಡ್ರು ಬರೋದೊಂದೇ ಬಾಕಿ. ಒಂದ್ ಕೇಸಲ್ಲಿ ಎಸ್ರು ಬಂದ್ರೆ ಓಯ್ತು. ನಿಮ್ ಕಾಲಿಗೆ ಬೀಳ್ತೀನಿ, ಇಲ್ಲಿಗೇ ಬುಡಿ.”

“ಉಡ್ಗನ ಎಸ್ರು ಯಾಕೆ? ನಿಂದು ಯೋಳು ಸಾಕು. ಅಸ್ರು ಆಕಿದ್ದು ನೀನು.”

ಕೆಂಪಸಿದ್ದಯ್ಯ ನೆಲ ನೋಡುತ್ತಿದ್ದ. “ನಾನು ಅವತ್ತು ಅಲ್ಲಿರ್ನಿಲ್ಲ ಅಂತ ಯೋಳ್ಬುಡವ್ವ,” ಎಂದ.

“ಇದ್ಯಲ್ಲ.”

“ಇದ್ದೆ.”

ಅವಳು ಒಬ್ಬಳೇ ಠಾಣೆಗೆ ಹೋದಳು. ಬಿಬಿ ಜಾನ್ ಆಗಲೇ ಬಂದು ಮೆಟ್ಟಿಲ ಪಕ್ಕ ಸೆರಗು ಕಚ್ಚಿಕೊಂಡು ನಿಂತಿದ್ದಳು. ಪಾಷಾನನ್ನು ಒಳಗೆ ಒಂದು ಬೆಂಚಿನ ಮೇಲೆ ಕೂರಿಸಿದ್ದರು. ಕಾಲಿಗೆ ಅವನದೇ ಅಂಗಿ ಸುತ್ತಿಕೊಂಡಿದ್ದ. ಮೇಜಿನ ಹಿಂದೆ ಕೂತಿದ್ದ ಸಾಹೇಬರು ಸಮಾಧಾನದವರೇ, ಅವಳನ್ನು ಗದರಿಸಲಿಲ್ಲ.

“ಏನಜ್ಜಿ, ನೀನಿದ್ಯಾ ಅಲ್ಲಿ?”

“ನಾನೇ ಸ್ವಾಮಿ ಎತ್ತಿದ್ದು, ಅಸ್ರು.”

“ಹಸ್ರು ಅಂದ್ರೆ?”

ಅವಳು ಡಬ್ಬಿಯ ವಿಷಯ, ಬಣ್ಣದ ವಿಷಯ, ಕರೆಂಟಿನ ವಿಷಯ ಮೊದಲಿನಿಂದ ಹೇಳಿದಳು. ಒಂದೂ ಬಿಡಲಿಲ್ಲ. ಸಾಹೇಬರು ಪೂರ್ತಿ ಕೇಳಿದರು.

“ಅವ್ನು ಯಾವ ದೇಶದೋನು ಗೊತ್ತಾ ನಿಂಗೆ?”

“ಗೊತ್ತು. ಪಾಕಿಸ್ತಾನದೋನು.”

“ಗೊತ್ತಿದ್ದೂ ಎತ್ತಿದ್ಯಾ?”

“ಕಣ್ ಮುಚ್ಚಿ ಎತ್ತದು ಸ್ವಾಮಿ.”

“ಸರಿ. ಈ ಕಡೆಯೋನು ಇವ್ನು. ಆ ಕಡೆ ಯಾರಿದ್ರು?”

ಅವಳು ಬೆಂಚಿನ ಕಡೆ ತಿರುಗಿದಳು. ಪಾಷಾ ಒಳಗಿನಿಂದ ಅವಳನ್ನೇ ನೋಡುತ್ತಿದ್ದ. ತಲೆಯನ್ನು ಬೇಡ ಎನ್ನುವಂತೆ ಸ್ವಲ್ಪವೇ ಅಲ್ಲಾಡಿಸಿದ.

“ಅದ ಅವ್ರೇ ಬಂದು ಯೋಳ್ಬೇಕು ಸ್ವಾಮಿ,” ಎಂದಳು.

“ವಾದ ಅಂದ್ರೆ ಇಬ್ರು ಬೇಕಲ್ಲಜ್ಜಿ. ಒಬ್ನೇ ನಿಂತ್ಕಂಡು ಕೂಗುದ್ರೆ ಅದು ವಾದ ಎಂಗಾಯ್ತದೆ?”

ಅವಳು ಹೊರಗೆ ಬಂದು ರಸ್ತೆ ನೋಡಿದಳು. ಎದುರು ಬದಿಯಲ್ಲಿ ಕಬ್ಬಿನ ಹಾಲಿನ ಗಾಡಿಯ ಹಿಂದೆ, ತಲೆಯ ಮೇಲೆ ಟವಲು ಹಾಕಿಕೊಂಡು ಕೆಂಪಸಿದ್ದಯ್ಯ ನಿಂತಿದ್ದ. ಬಂದನಲ್ಲ ಎಂದು ಅವಳಿಗೆ ಜೀವ ಬಂದಂತಾಯಿತು. ಅವಳು ಕೈ ಮಾಡಿದಳು. ಅವನು ರಸ್ತೆ ದಾಟಲಿಲ್ಲ. ಹಿಂದಕ್ಕೂ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾಜಿ ಅಂತ ಆಯಿತು. ಕೇಸು ಬೇಡ, ಅವನು ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಲಿ, ಅದನ್ನೂ ವಿಡಿಯೋ ಮಾಡಿ ಬಿಡುತ್ತೇವೆ ಎಂದು ಆ ಹುಡುಗರು ಹೇಳಿದರು. ಸಾಹೇಬರು ಒಳಗೆ ಹೋಗಿ ಕೂತರು. ಪಾಷಾನನ್ನು ಹೊರಗಿನ ಮೆಟ್ಟಿಲ ಮೇಲೆ ನಿಲ್ಲಿಸಿದರು. ಅವನು ಒಂದು ಕಾಲಿನ ಮೇಲೆ ಭಾರ ಬಿಟ್ಟು, ಕಂಬ ಹಿಡಿದು ನಿಂತ. ಅಲ್ಲಿಂದ ರಸ್ತೆಯ ಆಚೆ ಬದಿ ಕಾಣುತ್ತಿತ್ತು. ಅವನು ಆ ಕಡೆ ನೋಡಿದ್ದನ್ನು ಮಂಗಳಮ್ಮ ಕಂಡಳು.

ತಪ್ಪಾಯಿತು ಅನ್ನು ಎಂದರು, ಅಂದ. ಕೈ ಮುಗಿ ಎಂದರು, ಮುಗಿದ. ಜೈಕಾರ ಕೂಗು ಎಂದರು, ಕೂಗಿದ. ಅದೇನೂ ಅವನಿಗೆ ಕಷ್ಟವಾಗಿರಲಿಲ್ಲ. ಇಂಡಿಯಾ ಗೆದ್ದ ದಿನವೆಲ್ಲ ಅವನು ಆ ಬೀದಿಯಲ್ಲಿ ಕೂಗುತ್ತಿದ್ದ.

“ಈಗ, ಅವ್ನು ಬ್ಯಾಟ್ಸ್‌ಮನ್ನೇ ಅಲ್ಲ ಅನ್ನು,” ಎಂದ ಮೊಬೈಲು ಹಿಡಿದವನು.

ಪಾಷಾ ಮುಗಿದ ಕೈ ಇಳಿಸಿದ.

“ಅನ್ನೋ.”

“ತಪ್ಪಾಯ್ತು ಅಂತ ಅಂದ್ನಲ್ಲಪ್ಪ.”

“ಅದಲ್ಲ. ಇದನ್ನ ಅನ್ನು. ಬ್ಯಾಟ್ಸ್‌ಮನ್ನೇ ಅಲ್ಲ, ಅವ್ನು ಒಡುದ್ದೆಲ್ಲ ಸುಳ್ಳು ಅನ್ನು.”

ಅವನ ತುಟಿ ಅಲ್ಲಾಡುತ್ತಿತ್ತು. ಹತ್ತಿರವಿದ್ದ ಮಂಗಳಮ್ಮನಿಗೆ ಕೇಳಿದ್ದು ಐವತ್ತು ಎಂಬ ಒಂದು ಮಾತು. ಹಿಂದಿನಿಂದ ಬಿಬಿ ಜಾನ್ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಹೇಳಿಬಿಡಿ, ಮನೆಗೆ ಹೋಗೋಣ ಎಂದಿರಬೇಕು. ಅವಳು ಅಳುತ್ತಿದ್ದಳು.

“ಅವ್ನು ಬ್ಯಾಟ್ಸ್‌ಮನ್ನೇ ಅಲ್ಲ,” ಎಂದ ಪಾಷಾ. “ಅವ್ನು ಒಡುದ್ದೆಲ್ಲ ಸುಳ್ಳು.”

ಆ ಹೊತ್ತಿಗೆ ಬಸ್ಸೊಂದು ಹಾರನ್ನು ಹೊಡೆದು ಹೋಯಿತು. ಮಾತು ಸರಿಯಾಗಿ ಬಂದಿಲ್ಲ ಎಂದು ಇನ್ನೊಮ್ಮೆ ಹೇಳಿಸಿದರು. ಎರಡನೇ ಸಲ ಅವನು ಗಟ್ಟಿಯಾಗಿ, ನಿಧಾನವಾಗಿ, ಎದುರಿನ ಬದಿಗೂ ಕೇಳುವ ಹಾಗೆ ಹೇಳಿದ. ಮಂಗಳಮ್ಮ ತಿರುಗಿ ನೋಡಿದಾಗ ಕಬ್ಬಿನ ಗಾಡಿಯ ಹಿಂದೆ ಯಾರೂ ಇರಲಿಲ್ಲ.

ಅಂಗಡಿ ಆಮೇಲೆ ನಡೆಯಲಿಲ್ಲ. ಮೋಟಾರು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು, ಅರ್ಧ ಕಟ್ಟಿದ್ದನ್ನೂ ಆಟೋದಲ್ಲಿ ಹಾಕಿಕೊಂಡು ಹೋದರು. ಕೆಲವರು ಅವನ ಮುಖ ನೋಡಲಾರದೆ ಮಗನನ್ನು ಕಳಿಸಿದರು. ಮಳಿಗೆಯ ಯಜಮಾನ ಸ್ವಾಮಿ ಒಳ್ಳೆಯ ಮಾತಿನಲ್ಲೇ, “ನಂಗೇನಿಲ್ಲ ಪಾಷಣ್ಣ, ಬೀದಿಯೋರು ಒಂಥರಾ ನೋಡ್ತಾವ್ರೆ, ಬೇರೆ ಕಡೆ ನೋಡ್ಕಬುಡಿ,” ಎಂದ. ಪಾಷಾ ಕರೆಂಟು ಹೋದಾಗಲೂ ಡಬ್ಬಿ ಇಳಿಸದೆ ಕೂರುತ್ತಿದ್ದ. ಯಾರೋ ತಿಳಿಯದೆ ಹಳೆಯ ಮ್ಯಾಚಿನ ಸ್ಕೋರು ಕೇಳಿದರೆ, “ಮೊಬೈಲಲ್ಲಿ ನೋಡ್ಕಳಿ, ನಂಗೆ ನೆಪ್ಪಿಲ್ಲ,” ಎನ್ನುತ್ತಿದ್ದ. ಮಂಗಳಮ್ಮನಿಗೆ ಅವನ ಕಾಲಿನ ಗಾಯಕ್ಕಿಂತ ಆ ಮಾತು ಹೆಚ್ಚು ಭಯ ತಂದಿತು. ಮಳೆಗಾಲ ಶುರುವಾಗುವ ಮುಂಚೆ ಅವನು ಮಗಳು ಜಾಕಿಯಾಳ ಮನೆಗೆ, ಮಳವಳ್ಳಿಗೆ ಹೊರಟುಹೋದ. ಅಂಗಡಿಯಲ್ಲಿ ಈಗ ಬೇಕರಿ ಇದೆ. ಮಂಗಳಮ್ಮ ಅದೇ ಇಳಿಮಾಡಿನ ಕೆಳಗೆ ಕೂರುತ್ತಾಳೆ. ನೀರನ್ನು ಬೀದಿಯ ಕೊನೆಯ ನಲ್ಲಿಯಿಂದ ಹೊತ್ತು ತರುತ್ತಾಳೆ.

ಸಂತೋಷನಿಗೆ ಆರ್ಡರು ಬಂತು. ಕೆಂಪಸಿದ್ದಯ್ಯ ಆ ಬೀದಿಗೆ ಬರುವುದನ್ನು ಬಿಟ್ಟ. ಒಮ್ಮೆ ಬಸ್ಸಿನಲ್ಲಿ ಎದುರು ಸೀಟಿಗೇ ಸಿಕ್ಕಿದ. ಬಹಳ ಇಳಿದುಹೋಗಿದ್ದ. “ಎಂಗವ್ನೆ?” ಎಂದು ಕೇಳಿದ. ಅವಳು ಉತ್ತರ ಹೇಳುವ ಮೊದಲೇ ತನ್ನದಲ್ಲದ ಸ್ಟಾಪಿನಲ್ಲಿ ಇಳಿದುಬಿಟ್ಟ.

ಪಾಷಾಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮೋಟಾರು ಬಿದ್ದ ಗಾಯ ಮಾಯಲೇ ಇಲ್ಲ. ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ನಂಜು ಇನ್ನೂ ಮೇಲಕ್ಕೆ ಏರುತ್ತಿದೆ ಎಂದು ಬಿಬಿ ಜಾನ್ ಫೋನು ಮಾಡಿದಳು. ಮಂಗಳಮ್ಮ ಎರಡು ಕಂತೆ ಮೆಂತ್ಯದ ಸೊಪ್ಪು ಕಟ್ಟಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದಳು. ಅವಳು ಅವನನ್ನು ನೋಡಿದ್ದು ಅದೇ ಕೊನೆ.

ಅವನನ್ನು ಗೋಡೆಯ ಕಡೆಯ ಮಂಚದಲ್ಲಿ ಮಲಗಿಸಿದ್ದರು. ಮೇಲೆ ಹೊದಿಕೆ ಹೊದಿಸಿದ್ದರು. ಅದು ಒಂದು ಕಡೆ ಎತ್ತರವಾಗಿ, ಇನ್ನೊಂದು ಕಡೆ ತಗ್ಗಾಗಿ ಬಿದ್ದಿತ್ತು. ಪಕ್ಕದ ಕೋಣೆಯಲ್ಲಿ ಅಳಿಯ ಟಿವಿ ಹಾಕಿದ್ದ. ಯಾವುದೋ ಮ್ಯಾಚು ನಡೆಯುತ್ತಿತ್ತು, ಜನ ಕೂಗುವ ಸದ್ದು ಬರುತ್ತಿತ್ತು. ಪಾಷಾ ಯಾರು ಆಡುತ್ತಿದ್ದಾರೆಂದು ಕೇಳಲಿಲ್ಲ.

“ಮೆಂತ್ಯನಾ?” ಎಂದ.

“ಊ. ಸಕ್ಕರೆಗೆ ಒಳ್ಳೇದು.”

“ಈಗ ತಂದ್ಯಾ.”

ನಗಲು ಹೋದ. ಕೆಮ್ಮು ಬಂತು. ಬಿಬಿ ಜಾನ್ ಬೆನ್ನು ನೀವಿ ನೀರು ಕುಡಿಸಿ, ಚಹಾ ಇಡಲು ಒಳಗೆ ಹೋದಳು. ಅಂಗಡಿ ಏನಾಯಿತು ಎಂದು ಕೇಳಿದ, ಬೇಕರಿ ಎಂದಳು. ಬ್ರೆಡ್ಡು ಚೆನ್ನಾಗಿದೆಯಾ ಎಂದ, ತಿಂದಿಲ್ಲ ಎಂದಳು. ಅವಳಿಗೆ ಸುಮ್ಮನೆ ಕೂರುವುದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅವನ ಬೆರಳುಗಳು ಹೊದಿಕೆಯ ಅಂಚನ್ನು ತಂತಿ ಸುತ್ತಿದ ಹಾಗೆ ಸುತ್ತುತ್ತಿದ್ದವು. ಚಹಾ ಕುಡಿದು, ಮದ್ದೂರಿನ ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಾಗ ಅವನು ಅವಳ ಕೈಚೀಲ ಹಿಡಿದುಕೊಂಡ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಸ್ವರ ತೀರ ಸಣ್ಣದಾಗಿತ್ತು. ಅವಳು ಬಗ್ಗಿ ಕಿವಿ ಕೊಡಬೇಕಾಯಿತು.

“ಮಂಗಳಮ್ಮ, ಅವತ್ತು ಮೆಟ್ಲ ಮೇಲೆ ನಿಂತ್ಕಂಡು ಯೋಳುದ್ನಲ್ಲ, ಅವ್ನು ಬ್ಯಾಟ್ಸ್‌ಮನ್ನೇ ಅಲ್ಲ ಅಂತ. ಕೆಂಪಸಿದ್ದ ಅದ ನಿಜ ಅನ್ಕಂಡ್ಬುಟ್ನಾ?”